ಇದೂ ಗುಲಾಬೀನೇ ಸಾರ್!

ತಳ್ಳುಗಾಡಿಯಲ್ಲಿ ಗಿಡ ಮಾರುವವರ ಲೆಕ್ಕದಲ್ಲಿ ಜಗತ್ತಿನ ಗುಲಾಬಿಗಳೆಲ್ಲ ಮೂರೇ ಜಾತಿ. ಹೂ ದೊಡ್ಡದಿದ್ದರೆ ಡಚ್, ಸಣ್ಣದಿದ್ದರೆ ಬಟನ್, ಹೂವೇ ಇಲ್ಲದಿದ್ದರೆ ನಾಟಿ. ತಳಿಯ ಹೆಸರು ಕೇಳಿದರೆ ‘ಹೈಬ್ರಿಡ್ ಸಾರ್’ ಎಂಬ ಉತ್ತರ. ಅದು ಹೆಸರಲ್ಲ, ಬಿರುದು. ಇಲ್ಲಿಯವರೆಗೂ ಸಹಿಸಬಹುದಿತ್ತು. ಈಗ ಗುಲಾಬಿಯೇ ಅಲ್ಲದ ಅಡೇನಿಯಂ ಗಿಡದ ಕುಂಡಕ್ಕೂ ‘ಮರುಭೂಮಿ ಗುಲಾಬಿ’ ಎಂದು ಚೀಟಿ ಅಂಟಿಸಿದ್ದಾರೆ, ಬಾಯಲ್ಲಿ ಹೇಳುವಾಗ ‘ಮರುಭೂಮಿ’ಯನ್ನೂ ನುಂಗಿಬಿಡುತ್ತಾರೆ.

ಎಲ್ಲ ಬೀದಿಯಲ್ಲೂ ಒಬ್ಬ ಗುಲ್ಕಂದ್ ಅತ್ತೆ ಇರುತ್ತಾರೆ. ಕೆಂಪು ಎಸಳು ಕಂಡರೆ ಅವರ ಕಣ್ಣಿಗೆ ಹೂ ಕಾಣುವುದಿಲ್ಲ, ಭರಣಿ ಕಾಣುತ್ತದೆ. “ಇಷ್ಟೊಂದು ಬಿಟ್ಟಿದೆ, ಸುಮ್ನೆ ಉದುರಿಸ್ತೀರಲ್ರೀ!” ಎನ್ನುತ್ತ ಸೆರಗಿಗೆ ತುಂಬಿಕೊಳ್ಳಲು ಶುರು. ಎಸಳಿನ ತೂಕಕ್ಕೆ ಸಮ ಕಲ್ಲುಸಕ್ಕರೆ ಪುಡಿ, ಒಂದು ಪದರ ಅದು, ಒಂದು ಪದರ ಇದು, ಮೂರು ವಾರ ಬಿಸಿಲು, ಕೊನೆಗೆ ಏಲಕ್ಕಿ. ಮಾಡುವ ಕ್ರಮದಲ್ಲಿ ಒಂದಕ್ಷರ ತಪ್ಪಿಲ್ಲ, ಗಿಡವೊಂದೇ ತಪ್ಪು. ಅಡೇನಿಯಂ ನಮ್ಮ ಕಣಗಿಲೆಯ ಕುಲದ್ದು. ಅದರ ರಸ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ವಿಷಕ್ಕೆ ನಮ್ಮ ಅತ್ತೆ ಏಲಕ್ಕಿ ಹಾಕಲು ಹೊರಟಿದ್ದಾರೆ! ತಡೆದರೆ “ಒಂದು ಚಮಚ ತಿಂದ್ರೆ ಏನೂ ಆಗಲ್ಲ, ದೇಹಕ್ಕೆ ತಂಪು” ಎನ್ನುತ್ತಾರೆ. ತಂಪಂತೂ ಹೌದು, ಪೂರ್ತಿ ತಣ್ಣಗಾಗುವಷ್ಟು.

ಹಾಗೆಂದು ನಿಜವಾದ ಗುಲಾಬಿಯಾದರೆ ಸರಿ ಎಂದೂ ಅಲ್ಲ. ನರ್ಸರಿಯಿಂದ ಬಂದ ಹೊಸ ಗಿಡಕ್ಕೆ ಕೀಟನಾಶಕ ಹೊಡೆದೇ ಇರುತ್ತಾರೆ, ಅದರ ಹೂ ಭರಣಿಗೆ ಬೇಡ.

ಗುರುತಿಸುವುದು ಸುಲಭ, ಅತ್ತೆಯನ್ನು ಒಪ್ಪಿಸುವುದೇ ಕಷ್ಟ. ಉದುರಿದ ಹೂ ನೋಡಿ. ಗುಲಾಬಿ ಎಸಳೆಸಳಾಗಿ ಉದುರುತ್ತದೆ, ಅಡೇನಿಯಂ ಆಲಿಕೆಯಂತೆ ಇಡಿಯಾಗಿ ಬೀಳುತ್ತದೆ. ಗುಲಾಬಿಯ ಒಂದು ತೊಟ್ಟಿನಲ್ಲಿ ಐದೋ ಏಳೋ ಕಿರುಎಲೆ, ಅಂಚಿನಲ್ಲಿ ಗರಗಸದ ಹಲ್ಲು, ತೊಟ್ಟಿನ ಬುಡದ ಎರಡೂ ಕಡೆ ಅಂಟಿಕೊಂಡ ಪುಟ್ಟ ರೆಕ್ಕೆ. ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಸಿಪ್ಪೆಯ ಸಮೇತ ಟಕ್ಕೆಂದು ಬಿಟ್ಟುಬರುತ್ತದೆ. ಅಡೇನಿಯಂನಲ್ಲಿ ಮುಳ್ಳಿಲ್ಲ, ಎಲೆ ಬಿಡಿಬಿಡಿ, ಬುಡ ಗಣಪತಿಯ ಹೊಟ್ಟೆ. ಅದನ್ನು ಕತ್ತರಿಸಿದರೆ ಕೈಗವಸು ಹಾಕಿಕೊಳ್ಳಿ, ಕತ್ತರಿಯನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಕಣಗಿಲೆಯ ಕಡ್ಡಿಯನ್ನಂತೂ ಒಲೆಗೆ ಹಾಕಬೇಡಿ, ಹೊಗೆಯೂ ವಿಷ. ಹಳದಿ ಕಣಗಿಲೆಯ ಬೀಜ ಮಕ್ಕಳ ಅಡುಗೆಯಾಟದ ಪಾತ್ರೆ ಸೇರದಿರಲಿ. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಕೂರದೆ, ಗಿಡದ ಒಂದು ರೆಂಬೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನು ಗುಲಾಬಿಯ ತಳಿ. ಉದ್ದ ಕಡ್ಡಿಯ ತುದಿಗೆ ಒಂದೇ ದೊಡ್ಡ ಹೂ, ನಡು ಎತ್ತರ ಇದ್ದರೆ ಹೈಬ್ರಿಡ್ ಟೀ. ಗೊಂಚಲಾದರೆ ಫ್ಲೋರಿಬಂಡಾ. ಮನೆಯಲ್ಲಿ ಇಷ್ಟು ಗೊತ್ತಾದರೆ ಬಹಳವಾಯಿತು. ಬಣ್ಣ ನೋಡಿ ಹೆಸರಿಡಲು ಹೋದರೆ ಕೆಟ್ಟಿರಿ, ಡಿಸೆಂಬರಿನ ಕಡುಗೆಂಪು ಏಪ್ರಿಲ್ ಬಿಸಿಲಿಗೆ ಪೇಲವವಾಗಿ, ಗಾತ್ರವೂ ಕುಗ್ಗಿರುತ್ತದೆ. ಚೀಟಿಯಲ್ಲಿ ಆಕಾಶನೀಲಿ ಗುಲಾಬಿ ಕಂಡರೆ ನಕ್ಕು ಮುಂದೆ ಹೋಗಿ. ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯ ಗುಲಾಬಿಗೆ ಹುಟ್ಟಿನಿಂದಲೇ ಇಲ್ಲ.

ಒಂದು ವರ್ಷ ಕೆಂಪು ಬಿಟ್ಟ ಗಿಡ ಮರುವರ್ಷ ಸಣ್ಣ ಬಿಳಿ ಗೊಂಚಲು ಬಿಟ್ಟರೆ ದೃಷ್ಟಿ ತಾಗಿದ್ದಲ್ಲ. ಕಸಿಯ ಗಂಟಿನ ಕೆಳಗಿಂದ ಬೇರುಗಿಡ, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಗಿಡ, ಚಿಗುರಿ ಮೇಲಿನದನ್ನು ಸೊರಗಿಸಿದೆ. ಆ ಚಿಗುರನ್ನು ಕತ್ತರಿಸಬೇಡಿ, ಬುಡದಲ್ಲಿ ಉಳಿದ ಮೊಗ್ಗುಗಳು ಇಮ್ಮಡಿಯಾಗಿ ಏಳುತ್ತವೆ. ಮಣ್ಣು ಬಿಡಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು.

ಹಿತ್ತಲ ಬಚ್ಚಲುನೀರಿಗೆ ಬೆಳೆದ ಪನ್ನೀರು ಗುಲಾಬಿಗೆ ಚೀಟಿ ಎಲ್ಲಿತ್ತು? ಪೆನ್ಸಿಲ್ ದಪ್ಪದ ಗೇಣುದ್ದ ಕಡ್ಡಿ, ತುದಿಗೊಂದು ಸಗಣಿ ಉಂಡೆ, ಕಾಂಪೌಂಡಿನ ಮೇಲಿಂದ ಆಚೆ ಮನೆಗೆ ದಾಟುತ್ತಿತ್ತು. ಎರಡೇ ದಿನಕ್ಕೆ ಬಾಡುವ ಹೂ, ಆದರೆ ಬೆಳಗ್ಗೆ ಹಿತ್ತಲ ಬಾಗಿಲು ತೆರೆದರೆ ಮೊದಲು ಒಳಗೆ ಬರುತ್ತಿದ್ದುದು ಅದರ ವಾಸನೆ. ಈಗ “ಪನ್ನೀರು ಇದೆಯೇನಪ್ಪಾ?” ಎಂದು ಕೇಳಿದರೆ ಗಾಡಿಯವರು ಅದೇ ಅಡೇನಿಯಂ ಎತ್ತಿ ಕೊಟ್ಟು, “ಇದೂ ಗುಲಾಬೀನೇ ಸಾರ್, ನೀರು ಜಾಸ್ತಿ ಹಾಕ್ಬೇಡಿ” ಎನ್ನುತ್ತಾರೆ. ನೀರಿನ ಮಾತೊಂದು ಮಾತ್ರ ನಿಜ, ಹೆಚ್ಚಾದರೆ ಬುಡ ಕೊಳೆಯುತ್ತದೆ.