ಹೊಟ್ಟೆಗೆ ಒಪ್ಪುವ ಕ್ಯಾಬಿನ್

ನನ್ನ ಮದುವೆಯ ದಿಬ್ಬಣ ಚಿತ್ರದುರ್ಗದಿಂದ ಹೊರಟು ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ ಹೋಗಿತ್ತು. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನನಗೆ ಏಳರ ತನಕ ನೆನಪಿದೆ. ನಮ್ಮ ಕಡೆ ಮದುಮಗನ ಕೈಗೆ ಕಟಾರಿ ಕೊಡುತ್ತಾರೆ, ದೃಷ್ಟಿ ತಾಗದಿರಲಿ ಅಂತ ಅದರ ತುದಿಗೊಂದು ನಿಂಬೆಹಣ್ಣು ಚುಚ್ಚಿರುತ್ತಾರೆ. ನಾನು ಆ ಹಣ್ಣನ್ನು ಉಗುರಿನಿಂದ ಗೀರಿ ಗೀರಿ ಮೂಸಿದ್ದೇ ಮೂಸಿದ್ದು. ಬೀಗರ ಮನೆ ಮುಟ್ಟುವ ಹೊತ್ತಿಗೆ ಕಟಾರಿಯಲ್ಲಿ ಸಿಪ್ಪೆ ಮಾತ್ರ ನೇತಾಡುತ್ತಿತ್ತು. 'ಹುಡುಗನಿಗೆ ಹಸಿವು ಜಾಸ್ತಿ ಇರಬೇಕು' ಅಂದರಂತೆ ಹೆಣ್ಣಿನ ಕಡೆಯವರು.

ಗಾಡಿ ಹತ್ತಿದರೆ ಹೊಟ್ಟೆ ತೊಳಸುವ ನನ್ನ ಈ ಕಥೆಯೆಲ್ಲ ಗೊತ್ತಿದ್ದೂ, ಮದುವೆಯಾಗಿ 25 ವರ್ಷ ತುಂಬಿದ್ದಕ್ಕೆ ನನ್ನವಳು ಕೇಳಿದ್ದು ಏನು ಗೊತ್ತಾ? "ರೀ, ಲಕ್ಷದ್ವೀಪಕ್ಕೆ ಹೋಗೋಣ. ಹಡಗಲ್ಲಿ."

ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ ಇದೆ, ಒಂದೂವರೆ ಗಂಟೆಯಲ್ಲಿ ಮುಟ್ಟಬಹುದು ಅಂದೆ. ಅವಳು ಬಗ್ಗಲಿಲ್ಲ. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದವಳು. ಸಮುದ್ರವನ್ನು ದಡದಲ್ಲಿ ನಿಂತು ನೋಡಿದ್ದು ಸಾಕು ಅಂದಳು. ಅದೂ ಅಲ್ಲದೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರ ತನಕ ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವಳ ಲೆಕ್ಕದಲ್ಲಿ ಅದೂ ತವರೇ. ತವರಿಗೆ ಕಳಿಸಲ್ಲ ಅನ್ನೋಕಾಗುತ್ತಾ?

ಕೊಚ್ಚಿಯಿಂದ ಲಕ್ಷದ್ವೀಪದ ರಾಜಧಾನಿ ಕವರತ್ತಿಗೆ 404 ಕಿಲೋಮೀಟರು. ಒಂದು ಇಡೀ ರಾತ್ರಿ ನೀರಿನ ಮೇಲೆ. ನಮ್ಮೂರಲ್ಲಿ ನೀರು ಅಂದರೆ ನಲ್ಲಿಯಲ್ಲಿ ಬರೋದು, ಅದೂ ದಿನಾ ಬರಲ್ಲ. ನಾನು ಟ್ರಾವೆಲ್ಸ್‌ನವರಿಂದ ಹಡಗಿನ ನಕ್ಷೆ ತರಿಸಿ ಊಟದ ಮೇಜಿನ ಮೇಲೆ ಹರಡಿದೆ. ಸಾವಿರಾರು ಜನ ಹಿಡಿಸುವ ತೇಲುವ ಅರಮನೆಯೇನಲ್ಲ ಅದು, ಕೆಲವು ನೂರು ಮಂದಿಯ ಸಣ್ಣ ಹಡಗು. ಸಣ್ಣದಾದಷ್ಟೂ ಅಲೆ ಅದನ್ನು ಜಾಸ್ತಿ ಆಡಿಸುತ್ತದೆ ಅಂತ ಆಗ ಹೊಳೆಯಲಿಲ್ಲ. ಸೈಟು ಕೊಳ್ಳುವವನ ಗತ್ತಿನಲ್ಲಿ ಎಲ್ಲಕ್ಕಿಂತ ಮೇಲಿನ ಮಹಡಿ, ಎಲ್ಲಕ್ಕಿಂತ ಮುಂದಿನ ಕ್ಯಾಬಿನ್, ದೊಡ್ಡ ಕಿಟಕಿ ಆರಿಸಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಗಾಳಿ, ಬೆಳಕು, ಮುಂದೆ ಬೇರೆ ಮನೆಯಿಲ್ಲ.

ಮೀನಿನ ಬೋಟುಗಳ ವ್ಯವಹಾರ ಬಲ್ಲ ಭಾವಮೈದ ಬಂದವನು ಗುರುತು ನೋಡಿ ಜೋರಾಗಿ ನಕ್ಕ.

"ಎಂತ ಭಾವ, ಅಕ್ಕ ಅಕ್ಕಿ ಕೇರುವುದು ನೋಡಿಲ್ವಾ? ಮೊರದ ತುದಿಯ ಕಾಳು ಹಾರ್ತದೆ. ಕೈ ಹತ್ತಿರದ್ದು ಅಲ್ಲೇ ಇರ್ತದೆ. ನೀವು ತುದಿಯಲ್ಲಿ ಹೋಗಿ ಕೂತಿದ್ದೀರಿ."

ಹಾಗಾದರೆ ಮೇಲಿನ ಮಹಡಿಯಾದರೂ ಇರಲಿ ಅಂದೆ.

"ಗಾಳಿಗೆ ತೆಂಗಿನಮರದ ತಲೆ ಓಲಾಡ್ತದಾ, ಬುಡವಾ?"

ಮುಂದಿನ ಪ್ರಶ್ನೆ ಕೇಳಲು ಮುಖ ಇರಲಿಲ್ಲ. ಒಟ್ಟಿನಲ್ಲಿ ಹಡಗಿನ ಉದ್ದಕ್ಕೆ ನಟ್ಟನಡುವೆ, ಎತ್ತರದಲ್ಲಿ ಆದಷ್ಟು ಕೆಳಗೆ. ಅಂದರೆ ನೋಟವಿಲ್ಲದ, ಬೆಳಕಿಲ್ಲದ, ಯಾರೂ ಆಸೆಪಟ್ಟು ಕೇಳದ ಜಾಗ. ಜನ ಜಾಸ್ತಿ ದುಡ್ಡು ಕೊಡೋದು ಕಣ್ಣಿಗೆ ಬೇಕಾದ ಕ್ಯಾಬಿನ್ನಿಗೆ. ಹೊಟ್ಟೆಗೆ ಬೇಕಾದದ್ದು ಅಗ್ಗಕ್ಕೆ ಬಿದ್ದಿರುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಮಧ್ಯೆ ಕೂರು ಅಂತ ಕಂಡಕ್ಟರು ಬೈದು ಹೇಳುತ್ತಿದ್ದದ್ದೂ ಇದನ್ನೇ ಅಲ್ವಾ?

ಮಂಚದ್ದು ಇನ್ನೊಂದು ಕಥೆ. ಹಡಗು ಪಕ್ಕಕ್ಕೆ ವಾಲುವಾಗ ಮಂಚ ಅಡ್ಡಡ್ಡ ಇದ್ದರೆ ಒಮ್ಮೆ ತಲೆ ಮೇಲೆ, ಒಮ್ಮೆ ಕಾಲು ಮೇಲೆ. ಉದ್ದುದ್ದ ಇದ್ದರೆ ಮಗ್ಗುಲಿಗೆ ಉರುಳಬೇಕು. ಉರುಳೋದು ನನಗೆ ರೂಢಿ ಇದೆ, ಉದ್ದದ್ದೇ ಇರಲಿ ಅಂದೆ. ಒಳಗಿನಿಂದ ಅಮ್ಮನ ಧ್ವನಿ ಬಂತು. "ಉತ್ತರಕ್ಕೆ ಮಾತ್ರ ತಲೆ ಹಾಕಬೇಡಪ್ಪ."

"ಹಡಗು ತಿರುಗ್ತಾ ಇರುತ್ತಮ್ಮ."

"ಹಾಗಾದ್ರೆ ನೀನೂ ತಿರುಗಿ ಮಲಕ್ಕೋ."

ಟ್ರಾವೆಲ್ಸ್‌ನ ಹುಡುಗ ಫೋನಿನಲ್ಲಿ "ಪೋರ್ಟ್ ಸೈಡಾ, ಸ್ಟಾರ್‌ಬೋರ್ಡ್ ಸೈಡಾ ಸಾರ್?" ಅಂದ. ಏನಾದರೂ ಆದರೆ ದಡ ಹತ್ತಿರ ಇರಲಿ ಅಂತ "ಬಂದರಿನ ಕಡೇದೇ ಕೊಡಪ್ಪ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತರೆ ಎಡಗಡೆಗೆ ಪೋರ್ಟ್ ಅಂತಾರೆ, ಬಲಗಡೆಗೆ ಸ್ಟಾರ್‌ಬೋರ್ಡ್. ಹಡಗು ಎತ್ತ ಹೋದರೂ ಅದು ಬದಲಾಗಲ್ಲ. ಇದು ನನಗೆ ತಿಳಿದದ್ದು ಮೂರು ದಿನ ಬಿಟ್ಟು. ಹೆಂಡತಿಗೆ ಇವತ್ತಿಗೂ ಹೇಳಿಲ್ಲ.

ಈ ನಡುವೆ ಡಾರ್ವಿನ್ನನ ಮೇಲೆ ನನಗೆ ವಿಪರೀತ ಪ್ರೀತಿ ಹುಟ್ಟಿತು. 1831ರಲ್ಲಿ ಬೀಗಲ್ ಹಡಗು ಹತ್ತಿದವನು ಊರಿಗೆ ಮರಳಿದ್ದು 1836ರಲ್ಲಿ. ಹಡಗಿನ ಉದ್ದ ಸುಮಾರು 27 ಮೀಟರು, ನಮ್ಮ ಎರಡು ಕೆಂಪು ಬಸ್ಸಿಗಿಂತ ಸ್ವಲ್ಪ ಜಾಸ್ತಿ. ಅವನಿಗೆ ಸಿಕ್ಕ ಕ್ಯಾಬಿನ್ ಹಡಗಿನ ಹಿಂಬದಿಯಲ್ಲಿ, ಅಂದರೆ ಮೊರದ ತುದಿಯಲ್ಲಿ! ಅಲ್ಲೊಂದು ತೂಗುಮಂಚ ಕಟ್ಟಿಕೊಂಡು ಮಲಗುತ್ತಿದ್ದ. ಸಮುದ್ರ ಎದ್ದಾಗಲೆಲ್ಲ ಒದ್ದಾಡಿದ. ಹೊಟ್ಟೆ ಒಪ್ಪುತ್ತಿದ್ದದ್ದು ಬಿಸ್ಕತ್ತು, ಒಣದ್ರಾಕ್ಷಿಗಳನ್ನಷ್ಟೇ. ಇದನ್ನು ಕೇಳಿದ್ದೇ ತಡ, ನನ್ನವಳು ವಿಜಯಪುರದ ಒಣದ್ರಾಕ್ಷಿ ಅರ್ಧ ಕೆಜಿ ಕಟ್ಟಿದಳು.

ಕೊನೆಗೆ ನನಗೆ ಬೇಕಾದ ಕ್ಯಾಬಿನ್ನೇ ಸಿಕ್ಕಿತು. ಕೆಳಗಿನ ಮಹಡಿ, ನಟ್ಟನಡುವೆ, ಉದ್ದುದ್ದ ಮಂಚ. ಬೀಗ ತೆಗೆದು ಒಳಗೆ ಕಾಲಿಟ್ಟಾಗ ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದವನ ಖುಷಿ. ಆಮೇಲೆ ಉಸಿರು ಎಳೆದುಕೊಂಡೆ.

ಮೀನು ಹುರಿಯುವ ವಾಸನೆ.

ಇಪ್ಪತ್ತು ದಿನ ನಕ್ಷೆ ಓದಿದವನು ಬಾಗಿಲೆದುರಿಗೆ ಏನಿದೆ ಅಂತ ನೋಡಿರಲಿಲ್ಲ. ಅಡುಗೆಮನೆಯಿಂದ ಊಟದ ಹಾಲಿಗೆ ಹೋಗುವ ಮೆಟ್ಟಿಲು ಅಲ್ಲೇ. ಅದರ ಜೊತೆಗೆ ಇಂಜಿನ್ನಿನ ಗುಡುಗುಡು, ಡೀಸೆಲ್ಲಿನ ಸಣ್ಣ ಘಮ. ಪ್ರಯಾಣಕ್ಕೆ ಮುಂಚೆಯೇ ನುಂಗಬೇಕಾದ, ವಾಂತಿ ತಡೆಯುವ ಅವೋಮಿನ್ ಮಾತ್ರೆಯನ್ನು ನಾನು ನುಂಗಿದ್ದು ಬಂದರಿನ ದೀಪಗಳು ಮರೆಯಾದ ಮೇಲೆ. ಅದು ಹೊಟ್ಟೆಯಲ್ಲಿ ಕೆಲಸ ಶುರು ಮಾಡುವಷ್ಟು ಹೊತ್ತು ಉಳಿದರೆ ತಾನೇ?

ಆದರೂ ನಿಜ ಹೇಳಬೇಕು. ಆ ರಾತ್ರಿ ಸಮುದ್ರ ಶಾಂತವಾಗಿತ್ತು. ಕ್ಯಾಬಿನ್ ಅಲುಗಾಡಿದ್ದು ತೊಟ್ಟಿಲಿನಷ್ಟೇ. ಭಾವಮೈದನ ಮಾತು ಸರಿಯಾಗಿತ್ತು, ವಾಸನೆಯನ್ನೂ ಹೇಗೋ ತಡೆದುಕೊಂಡಿದ್ದೆ. ಕಣ್ಣು ಮುಚ್ಚಿ ಮಲಗಿದ್ದರೆ ಬೆಳಗಾಗುತ್ತಿತ್ತು. ನಾನು ಮಾಡಿದ್ದೇನು? ಇದಕ್ಕಿಂತ ಒಳ್ಳೆಯ ಕ್ಯಾಬಿನ್ ಇತ್ತೇನೋ ನೋಡೋಣ ಅಂತ ಮಲಗಿದಲ್ಲೇ ನಕ್ಷೆ ಬಿಡಿಸಿ ಓದತೊಡಗಿದೆ.

ಕಿವಿಯೊಳಗೆ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ಮೈ ಓಲಾಡುತ್ತಿದೆ ಅಂತ ಅವು ಮಿದುಳಿಗೆ ವರದಿ ಕೊಡುತ್ತವೆ. ಕಾಗದದ ಮೇಲೆ ನೆಟ್ಟ ಕಣ್ಣು, ಇಲ್ಲ, ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಎರಡು ಸಾಕ್ಷಿ ಎರಡು ಥರ ಹೇಳಿದಾಗ ಶಿಕ್ಷೆ ಹೊಟ್ಟೆಗೆ. ಮೂರನೇ ಮಹಡಿಯ ಕ್ಯಾಬಿನ್ ನಂಬರುಗಳನ್ನು ಎಣಿಸುತ್ತಿದ್ದಾಗ ಬಾಯಲ್ಲಿ ನೀರೂರಿತು. ಅದು ತಿನ್ನುವ ಆಸೆಯ ನೀರಲ್ಲ. ಮಂಚದಿಂದ ಜಿಗಿದೆ, ಬಚ್ಚಲ ಬಾಗಿಲು ಒಳಕ್ಕೋ ಹೊರಕ್ಕೋ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದು ನಕ್ಷೆಯೇ. ಕಾಗದ ಗಟ್ಟಿಯಾಗಿತ್ತು, ಅಷ್ಟೇ ಪುಣ್ಯ. ಒಣದ್ರಾಕ್ಷಿ ಇಡಿಯಾಗಿಯೇ ಹೊರಗೆ ಬಂತು.

"ಏಳಿ, ಮೇಲೆ ಹೋಗೋಣ" ಅಂದಳು ನನ್ನವಳು. ಬೈಯಲಿಲ್ಲ, ಅದೇ ಭಯ.

ದಾರಿಯಲ್ಲಿ ಬಂಕ್ ಕ್ಲಾಸ್. ಅಗ್ಗದ ಟಿಕೆಟ್ಟಿನ ದ್ವೀಪದವರು ಕೊಚ್ಚಿಯಲ್ಲಿ ಕೊಂಡ ಮಿಕ್ಸಿ, ಬಕೆಟ್ಟು, ಚೀಲಗಳ ನಡುವೆ ಗೊರಕೆ ಹೊಡೆಯುತ್ತಿದ್ದರು. ಒಬ್ಬರ ಕೈಯಲ್ಲೂ ನಕ್ಷೆ ಇರಲಿಲ್ಲ.

ತೆರೆದ ಡೆಕ್ಕಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ತಣ್ಣನೆ ಗಾಳಿ. ದೂರದ ಗೆರೆ ನೋಡುತ್ತಾ ಇರಿ ಅಂದಳು. ಕತ್ತಲಲ್ಲಿ ಗೆರೆ ಎಲ್ಲಿದೆ ಅಂತ ಹುಡುಕುತ್ತಾ ಹುಡುಕುತ್ತಾ ನಿದ್ದೆ ಬಂತು. ಎಚ್ಚರವಾದಾಗ ಗೆರೆ ಅದರ ಜಾಗದಲ್ಲಿತ್ತು, ಹೊಟ್ಟೆಯೂ. ಪಕ್ಕದಲ್ಲಿ ಹೆಂಡತಿ ಇರಲಿಲ್ಲ, ಶಾಲು ಮಾತ್ರ ನನ್ನ ಮೇಲಿತ್ತು. ಕೆಳಗಿನ ಕ್ಯಾಬಿನ್ನಿನಲ್ಲಿ, ನಟ್ಟನಡುವೆ, ಉದ್ದುದ್ದ ಮಂಚದ ಮೇಲೆ ಅವಳು ಸುಖವಾಗಿ ಮಲಗಿದ್ದಳು. ಮುಂದಿನ ರಾತ್ರಿಗಳೂ ಹೀಗೇ ಕಳೆದವು. ಕ್ಯಾಬಿನ್ ಅವಳಿಗೆ, ಕುರ್ಚಿ ನನಗೆ.

ಊರಿಗೆ ಬಂದ ಮೇಲೂ ಎರಡು ದಿನ ಬಚ್ಚಲುಮನೆ ತೂಗುತ್ತಿತ್ತು. ಗೋಡೆ ಹಿಡಿದುಕೊಂಡು ಸ್ನಾನ ಮಾಡಿ ಹೊರಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾದಿದ್ದರು.

"ತಲೆ ಯಾವ ಕಡೆಗೆ ಹಾಕಿದ್ಯೋ?"

"ಮೇಲ್ಗಡೆಗಮ್ಮ. ಪೂರ್ತಿ ಮೇಲ್ಗಡೆಗೆ."