ಹಳೆ ಬಣ್ಣ ಕಿತ್ತು ಹಾಕೋಕೆ ಇಷ್ಟು ಅವಸರ ಯಾಕೆ?

ವಾರ್‌ಗೇಮಿಂಗ್‌ನ ಸೆಕೆಂಡ್ ಹ್ಯಾಂಡ್ ಗೊಂಬೆ ಸೈನಿಕರ ಡಬ್ಬ ಕೈಗೆ ಬಂದ ಕೂಡಲೇ ಎಲ್ಲರನ್ನೂ ಕೆಮಿಕಲ್‌ನಲ್ಲಿ ನೆನೆಹಾಕಿ ಬೋಳು ಮಾಡುವವರ ಮೇಲೆ ನನಗೆ ತಕರಾರಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾರ್‌ಗೇಮಿಂಗ್ ಅಂದರೆ ಮೇಜಿನ ಮೇಲೆ ಪುಟ್ಟ ಸೈನ್ಯ ಹೂಡಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಆಡುವ ಯುದ್ಧದಾಟ. ಸೈನಿಕರು ಹೆಚ್ಚಾಗಿ 28 ಮಿಲಿಮೀಟರ್ ಅಳತೆಯವರು, ಒಂದು ಇಂಚಿಗಿಂತ ಚೂರು ಜಾಸ್ತಿ. ಶಿವಮೊಗ್ಗದಲ್ಲಿ ನನಗೆ ಗೊತ್ತಿರುವಂತೆ ಆಡುವವರು ಬೆರಳೆಣಿಕೆಯಷ್ಟು. ಹೊಸದು ತರಿಸಿದರೆ ದುಬಾರಿ, ಅದರ ಮೇಲೆ ಕಸ್ಟಮ್ಸ್ ಬೇರೆ. ಹಾಗಾಗಿ ಬೆಂಗಳೂರಿನಲ್ಲಿ ಯಾರಾದರೂ ಆಟ ಬಿಟ್ಟರೆ ಅವರ ಸೈನ್ಯ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ನಮ್ಮ ಕಡೆ ಬರುತ್ತದೆ. ಬರುವಾಗಲೇ ಮೂಗು, ಮೊಣಕಾಲು, ಬಂದೂಕಿನ ತುದಿಯ ಬಣ್ಣ ಹೋಗಿರುತ್ತದೆ.

ಈಗ ನನ್ನ ಮೇಜಿನ ಮೇಲಿರುವವನು ನೆಪೋಲಿಯನ್ ಕಾಲದ ಬ್ರಿಟಿಷ್ ಕಾಲಾಳು. ಲೋಹದವನು. ಕೆಂಪು ಕೋಟು ಜಿಡ್ಡು ಹಿಡಿದು ಕಂದಾಗಿತ್ತು. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತಗಿನ ಹಳೆ ಟೂತ್‌ಬ್ರಷ್. ಅಷ್ಟಕ್ಕೇ ಎದೆಯ ಬಿಳಿ ಪಟ್ಟಿಗಳು ಎದ್ದು ಕಂಡವು. ಯಾರೋ ಪುಣ್ಯಾತ್ಮರು ಪ್ರತಿ ಗುಂಡಿಗೂ ಬೆಳ್ಳಿ ಚುಕ್ಕೆ ಇಟ್ಟು, ಅದರ ಕೆಳಗೆ ಕೂದಲೆಳೆಯಷ್ಟು ಕಪ್ಪು ನೆರಳು ಎಳೆದಿದ್ದಾರೆ. ಇಷ್ಟು ಕೆಲಸವನ್ನು ಕರಗಿಸಿ ಚೆಲ್ಲಬೇಕಾ? ಅದೂ ಎರಡು ಕಡೆ ಬಣ್ಣ ಎದ್ದಿದೆ ಅನ್ನೋ ಒಂದೇ ಕಾರಣಕ್ಕೆ?

ಎದ್ದ ಜಾಗಕ್ಕೆ ಮಾತ್ರ ಕೈ ಹಾಕಿದರೆ ಸಾಕು. ಮೊದಲು ಅಲ್ಲಿನ ಅಂಚನ್ನು ನುಣ್ಣನೆಯ ಎಮರಿ ಪೇಪರ್‌ನಿಂದ ಸಮ ಮಾಡಿಕೊಳ್ಳಿ. ನೀರು ಹಚ್ಚಿಯೇ ಉಜ್ಜಿ. 1990ರ ದಶಕದವರೆಗೂ ಇಂಥ ಲೋಹದ ಸೈನಿಕರಲ್ಲಿ ಸೀಸ ಇರುವುದು ಮಾಮೂಲಾಗಿತ್ತು, ಒಣ ಪುಡಿ ಎಬ್ಬಿಸಬಾರದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳ ಕೈಗಂತೂ ಕೊಡಲೇಬೇಡಿ. ಆಮೇಲೆ ಆ ಜಾಗಕ್ಕಷ್ಟೇ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ಕೋಟ್.

ಕಷ್ಟ ಇರೋದು ಬಣ್ಣ ಹೊಂದಿಸೋದರಲ್ಲಿ. ಬಾಟಲಿಯ ಹೊಸ ಕೆಂಪು ಹಳೆ ಕೆಂಪಿಗೆ ನೇರವಾಗಿ ಕೂರುವುದು ಅಪರೂಪ. ಸ್ವಲ್ಪ ಕಂದು ಬೆರೆಸಿ, ಸೈನಿಕನ ಪೀಠದ ಅಡಿಯಲ್ಲಿ ಹಚ್ಚಿ ನೋಡಿ. ಅಕ್ರಿಲಿಕ್ ಒಣಗಿದ ಮೇಲೆ ಒಂದು ಗುಲಗಂಜಿ ತೂಕ ಗಾಢವಾಗುತ್ತದೆ, ಹಾಗಾಗಿ ಹಸಿ ಇರುವಾಗ ತೀರ್ಮಾನ ಬೇಡ. ಹಗಲ ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗಲ್ಲ. ನೀರಾಗಿ ಎರಡು ಮೂರು ತೆಳು ಕೋಟ್ ಕೊಟ್ಟು, ಕೊನೆಗೆ ತೆಳು ಕಂದು ವಾಶ್ (ನೀರಾದ ಬಣ್ಣ) ಅನ್ನು ಹಳೆಯದರ ಮೇಲೂ ಹೊಸದರ ಮೇಲೂ ಹರಿಸಿದರೆ ಜೋಡಣೆ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಂತ ಕೀಳಲೇಬಾರದು ಅಂತಲ್ಲ. ನಮ್ಮ ಕಡೆ ಕೆಲವು ತೇರುಗಳ ಮರದ ಗೊಂಬೆಗಳಿಗೆ ಜಾತ್ರೆ ಜಾತ್ರೆಗೂ ಎನಾಮೆಲ್ ಬಳಿದು ಬಳಿದು ಕಣ್ಣು ಮೂಗೇ ಮುಚ್ಚಿಹೋಗಿರುತ್ತದಲ್ಲ, ಆ ಗತಿ ಸೈನಿಕನಿಗೂ ಬಂದಿದ್ದರೆ ಕಿತ್ತೇ ತೀರಬೇಕು. ಗುಡಿಗಾರರ ಕೆತ್ತನೆ ನೋಡಿ ಬೆಳೆದ ಸಾಗರ, ಸೊರಬದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಇರುವುದು ಕೆತ್ತನೆ ಕಾಣಲಿ ಅಂತ. ಅಕ್ರಿಲಿಕ್ ಬಣ್ಣವಾದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿ ಬ್ರಷ್ ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಕಿಟಕಿ ತೆರೆದಿರಲಿ, ಬಚ್ಚಲೊಲೆ ಹತ್ತಿರ ಮಾತ್ರ ಈ ಕೆಲಸ ಬೇಡ. ಅಸಿಟೋನ್ ಲೋಹಕ್ಕೆ ಸರಿ, ಪ್ಲಾಸ್ಟಿಕ್ ಸೈನಿಕನಿಗೆ ಹಾಕಿದರೆ ಬಣ್ಣದ ಜೊತೆ ಅವನೂ ಕರಗುತ್ತಾನೆ.

ಒಂದು ಬಗೆಯ ಸೈನಿಕರನ್ನು ಮಾತ್ರ ಮುಟ್ಟಲೇಬೇಡಿ. ಇಂಗ್ಲೆಂಡಿನ ಬ್ರಿಟನ್ಸ್ ಅನ್ನೋ ಆಟಿಕೆ ಕಂಪನಿ 1893ರಿಂದ ಒಳಗೆ ಟೊಳ್ಳಿರುವ ಸೀಸದ ಸೈನಿಕರನ್ನು ಮಾಡುತ್ತಿತ್ತು, 1966ರಲ್ಲಿ ನಿಲ್ಲಿಸಿತು. ಅಜ್ಜನ ಕಾಲದ ಟ್ರಂಕಿನಲ್ಲಿ ಅಂಥವು ಸಿಕ್ಕರೆ ಬಣ್ಣ ಅರ್ಧ ಹೋಗಿದ್ದರೂ ಹಾಗೇ ಇರಲಿ. ಸಂಗ್ರಹಕಾರರು ಬೆಲೆ ಕಟ್ಟುವುದು ಮೂಲ ಬಣ್ಣಕ್ಕೆ. ಮತ್ತೆ ಬಳಿದರೆ ಬೆಲೆ ಬಿತ್ತು ಅಂತಲೇ ಲೆಕ್ಕ. ಸೀಸದವರನ್ನು ಮುಚ್ಚಿದ ಮರದ ಪೆಟ್ಟಿಗೆಯಲ್ಲೂ ಇಡಬೇಡಿ. ಮರದಿಂದ ಬರುವ ಆಮ್ಲದ ಆವಿ, ಜೊತೆಗೆ ನಮ್ಮ ಥಂಡಿ, ಎರಡೂ ಸೇರಿ ಸೀಸವನ್ನು ಬಿಳಿ ಪುಡಿ ಮಾಡಿಬಿಡುತ್ತವೆ. ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಅಷ್ಟು ಸಾಕು.

ಥಂಡಿ ಅಂದಾಗ ಇನ್ನೊಂದು ಮಾತು. ವಿಡಿಯೋಗಳಲ್ಲಿ ತೋರಿಸುವ ಸ್ಪ್ರೇ ವಾರ್ನಿಷ್ ಮಲೆನಾಡಿನ ಮಳೆಗಾಲಕ್ಕೆ ಆಗಿಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಗಾಳಿಯಲ್ಲಿ ಅಷ್ಟು ನೀರಿರುವಾಗ ಸ್ಪ್ರೇ ಹೊಡೆದರೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಬೆಳ್ಳಗೆ ಮಬ್ಬುಗಟ್ಟಿ, ಪಟ್ಟ ಪಾಡೆಲ್ಲ ಹಾಳು. ಮಳೆಗಾಲದಲ್ಲಿ ಬ್ರಷ್‌ನಿಂದ ಹಚ್ಚುವ ಪ್ರೈಮರ್, ಬ್ರಷ್‌ನಿಂದ ಹಚ್ಚುವ ವಾರ್ನಿಷ್. ಸ್ಪ್ರೇ ಡಬ್ಬಿ ದೀಪಾವಳಿ ಕಳೆದು ಹವಾ ಒಣಗಿದ ಮೇಲೆ ತೆಗೆದರಾಯಿತು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಯಾರ ಹತ್ತಿರವಾದರೂ ಬಣ್ಣ ಹೋದ ಸೈನಿಕರು ಇದ್ದರೆ ದಯವಿಟ್ಟು ನೆನೆಹಾಕುವ ಮುಂಚೆ ಒಮ್ಮೆ ತೊಳೆದು, ಹತ್ತಿರದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ಉಳಿಸಬಹುದಾ ಇಲ್ಲವಾ ಅಂತ ಕೂತು ನೋಡೋಣ. ಕೆಂಪು ಹೊಂದಿಸಿಕೊಡೋಕೆ ನಾನಿದ್ದೇನೆ.