ನೂರು ಕೊಟ್ಟರೆ ಎಷ್ಟು ಬಂತು ಎಂಬ ಲೆಕ್ಕದಲ್ಲಿ ನಮ್ಮ ಕಾಸರಗೋಡು ಎಲ್ಲಿದೆ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಕಳೆದ ವಾರ ಊರಿಗೆ ಬಂದಿದ್ದ. ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಕರ್ನಾಟಕ ದೆಹಲಿಗೆ ನೂರು ರೂಪಾಯಿ ಕೊಟ್ಟರೆ ತಿರುಗಿ ಬರುವುದು ಹನ್ನೆರಡೋ ಹದಿಮೂರೋ ಮಾತ್ರ ಎಂಬ ಲೆಕ್ಕ. "ನೋಡಿ ಚಿಕ್ಕಪ್ಪ, ದುಡಿಯುವುದು ನಾವು, ಉಣ್ಣುವುದು ಬಿಹಾರದವರು" ಎಂದ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುವವನ ಸಿಟ್ಟು ಅದು. ಸಿಟ್ಟು ಸುಳ್ಳಲ್ಲ. ಆದರೆ ಅವನು ಅಷ್ಟು ಹೇಳುವಾಗ ನನ್ನ ಕಣ್ಣು ಅಂಗಳದ ಕಡೆ ಹೋಯಿತು. ಅಲ್ಲಿ ಅಡಿಕೆ ಹರಗುತ್ತಿದ್ದವನು ಬಿಹಾರದ ಹುಡುಗ. ಅವನಿಗೆ ಕನ್ನಡ ಅರ್ಥವಾಗಲಿಲ್ಲ, ಅಷ್ಟೇ ಸಮಾಧಾನ.

ನಾನು ಅಣ್ಣನ ಮಗನಿಗೆ ಒಂದು ಪ್ರಶ್ನೆ ಕೇಳಿದೆ. ನೀನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಇಲ್ಲೇ, ನಮ್ಮ ಊರಿನ ಅನುದಾನಿತ ಶಾಲೆಯಲ್ಲಿ. ನಿನ್ನ ಮಾಷ್ಟ್ರುಗಳಿಗೆ ಸಂಬಳ ಕೊಟ್ಟದ್ದು ಕೇರಳ ಸರ್ಕಾರ. ಮಧ್ಯಾಹ್ನ ಉಂಡದ್ದೂ ಅದರದ್ದೇ ಅನ್ನ. ಈಗ ನೀನು ಕಟ್ಟುವ ಆದಾಯ ತೆರಿಗೆ ಕರ್ನಾಟಕದ ಲೆಕ್ಕದಲ್ಲಿ ಬರುತ್ತದೆ. ಹಾಗಾದರೆ ಅದು ಯಾರ ತೆರಿಗೆ?

ಅವನು ತುಸು ಹೊತ್ತು ಮಾತಾಡಲಿಲ್ಲ. ನನಗೂ ಉತ್ತರ ಸುಲಭವಾಗಿ ಸಿಕ್ಕಿರಲಿಲ್ಲ. ಆದರೆ ಗಡಿಯಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ ದಿನನಿತ್ಯದ್ದು. ನಮ್ಮ ಬದುಕು ಒಂದು ರಾಜ್ಯದ ರೇಷನ್ ಕಾರ್ಡಿನಲ್ಲಿ, ಆಸ್ಪತ್ರೆ ಇನ್ನೊಂದು ರಾಜ್ಯದಲ್ಲಿ, ಭಾಷೆ ಎರಡರ ನಡುವೆ. ತೆರಿಗೆ ಯಾವ ಊರಿನಲ್ಲಿ ಕಟ್ಟಲಾಯಿತೋ ಆ ಊರೇ ಅದನ್ನು ದುಡಿಯಿತು ಎಂದು ಹೇಳಲಾಗುವುದಿಲ್ಲ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೆ, ಬದಿಯಡ್ಕದ ಅಂಗಡಿಯಲ್ಲಿ ಮಾರಿದ ಸೋಪಿನ ಲಾಭದ ತೆರಿಗೆಯೂ ಮಹಾರಾಷ್ಟ್ರದ ಹೆಸರಿಗೆ ಸೇರುತ್ತದೆ. ಬೆಂಗಳೂರಿನದ್ದೂ ಅದೇ ಕಥೆ. ಹಾಗಾಗಿ "ನೂರಕ್ಕೆ ಹನ್ನೆರಡು" ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕರ್ನಾಟಕಕ್ಕೆ ಅನ್ಯಾಯ ಆಗಿಲ್ಲ ಅಂತ ಅಲ್ಲ, ಆಗಿದೆ. ಆದರೆ ಅನ್ಯಾಯ ಇರುವ ಜಾಗ ಬೇರೆ.

2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು "ನನ್ನ ತೆರಿಗೆ ನನ್ನ ಹಕ್ಕು" ಎಂದು ಧರಣಿ ಕೂತರು. ಮರುದಿನ, 8ರಂದು, ಅದೇ ಜಾಗದಲ್ಲಿ ಕೇರಳದ ಮುಖ್ಯಮಂತ್ರಿ ಮತ್ತು ಅವರ ಸಂಪುಟ. ಟಿವಿಯಲ್ಲಿ ಎರಡನ್ನೂ ನೋಡಿದೆ. ನೆಲ, ಭಾಷೆ ಎಂದು ಎಪ್ಪತ್ತು ವರ್ಷ ನಮ್ಮನ್ನು ಎಳೆದಾಡಿದ ಎರಡು ರಾಜ್ಯಗಳು ಮೊದಲ ಸಲ ಒಂದೇ ನೋವನ್ನು ಹೇಳುತ್ತಿದ್ದವು. ಒಂದೇ ದಿನ ಒಟ್ಟಿಗೆ ಕೂರಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರ.

ಆ ನೋವು ಏನೆಂದು ಅಂಕಿಯಲ್ಲಿ ಹೇಳುತ್ತೇನೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ. 4.713 ಕೊಟ್ಟಿತ್ತು. 15ನೇ ಆಯೋಗ ಅದನ್ನು ಶೇ. 3.647ಕ್ಕೆ ಇಳಿಸಿತು. ಕೇರಳದ್ದು ಇನ್ನೂ ದೊಡ್ಡ ಇಳಿತ: 10ನೇ ಆಯೋಗದ ಕಾಲದಲ್ಲಿ ಶೇ. 3.875 ಇದ್ದದ್ದು 15ನೆಯದರಲ್ಲಿ ಶೇ. 1.925. ಅರ್ಧಕ್ಕೆ ಅರ್ಧ. ಮೊದಲು ಹಂಚಿಕೆಗೆ 1971ರ ಜನಸಂಖ್ಯೆ ಹಿಡಿಯುತ್ತಿದ್ದರು, ಈಗ 2011ರದ್ದು. ದೇಶ ಹೇಳಿದ ಹಾಗೆ ಕುಟುಂಬ ಸಣ್ಣದು ಮಾಡಿಕೊಂಡವರ ಪಾಲು ಕಡಿಮೆಯಾಯಿತು. ಅದಕ್ಕೆ ಮುಲಾಮಿನಂತೆ ಜನಸಂಖ್ಯೆ ನಿಯಂತ್ರಣಕ್ಕೆ ನೂರರಲ್ಲಿ ಹನ್ನೆರಡೂವರೆ ಅಂಕ ಇಟ್ಟರು, ಆದರೂ ಗಾಯ ಮುಚ್ಚಲಿಲ್ಲ.

ಇದಕ್ಕಿಂತ ನನ್ನನ್ನು ಕೆಣಕುವುದು ಇನ್ನೊಂದಿದೆ. ಅದನ್ನು ಪೆಟ್ರೋಲಿನಿಂದ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ಗೊತ್ತಾಗುತ್ತದೆ. ಮಂಗಳೂರಿಗೆ ಹೋದವರು ತಿರುಗಿ ಬರುವಾಗ ಗಡಿಯಾದ ತಲಪಾಡಿಯ ಆಚೆ, ಕರ್ನಾಟಕದಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬರುತ್ತೇವೆ, ಕೇರಳದಲ್ಲಿ ಲೀಟರಿಗೆ ಹೆಚ್ಚು ಎಂದು. ಅದು ಎರಡು ರಾಜ್ಯಗಳ ಮಾರಾಟ ತೆರಿಗೆಯ ವ್ಯತ್ಯಾಸ. ಆದರೆ ಎರಡೂ ಬದಿಯಲ್ಲಿ ಒಂದೇ ಆಗಿರುವ ಕೇಂದ್ರದ ಸುಂಕ ಇದೆಯಲ್ಲ, 2022ರ ಮೇ ತಿಂಗಳಲ್ಲಿ ಇಳಿಸಿದ ಮೇಲೆ ಅದು ಲೀಟರಿಗೆ 19 ರೂಪಾಯಿ 90 ಪೈಸೆ ಇತ್ತು. ಅದರಲ್ಲಿ ಮೂಲ ಅಬಕಾರಿ ಸುಂಕ ಬರೇ 1 ರೂಪಾಯಿ 40 ಪೈಸೆ. ಮಿಕ್ಕ ಹದಿನೆಂಟೂವರೆ ರೂಪಾಯಿ ಸೆಸ್ (ಒಂದು ಗೊತ್ತಾದ ಉದ್ದೇಶಕ್ಕೆಂದು ಹಾಕುವ ತೆರಿಗೆ) ಮತ್ತು ಹೆಚ್ಚುವರಿ ಸುಂಕ, ಅಂದರೆ ಸರ್‌ಚಾರ್ಜ್. ಸೆಸ್ ಮತ್ತು ಸರ್‌ಚಾರ್ಜ್ ರಾಜ್ಯಗಳಿಗೆ ಹಂಚುವ ರಾಶಿಗೆ ಸೇರುವುದಿಲ್ಲ, ಸಂವಿಧಾನದಲ್ಲೇ ಹಾಗಿದೆ. ಅಂದರೆ ಹಂಚುವ ರಾಶಿಯಲ್ಲಿ ಶೇ. 41 ರಾಜ್ಯಗಳಿಗೆ ಕೊಡುತ್ತೇವೆ ಎಂಬ ಕೇಂದ್ರದ ಮಾತು ಆ ಒಂದು ರೂಪಾಯಿ ನಲ್ವತ್ತು ಪೈಸೆಗೆ ಮಾತ್ರ. ದೇಶದ ಅಷ್ಟೂ ರಾಜ್ಯಗಳು ಸೇರಿ ಹಂಚಿಕೊಳ್ಳುವುದು ಲೀಟರಿಗೆ ಐವತ್ತೇಳು ಪೈಸೆ. ನಾವು ಬಿಹಾರದವನ ಕೈಯಲ್ಲಿರುವ ತುತ್ತನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇವೆ. ಪೆಟ್ರೋಲಿನ ಮಟ್ಟಿಗೆ ಬಡಿಸುವ ಮೊದಲೇ ಅನ್ನದ ಚೆರಿಗೆಯಿಂದ ಹತ್ತರಲ್ಲಿ ಒಂಬತ್ತು ಪಾಲು ಒಳಕೋಣೆಗೆ ಹೋಗಿದೆ. ಆ ಬಿಹಾರಕ್ಕೂ ಅದರಿಂದ ನಷ್ಟವೇ.

ಇದು ನಮ್ಮ ಮನೆಬಾಗಿಲಿಗೆ ಹೇಗೆ ಬರುತ್ತದೆ ಎಂದು ನಾನು ಕಂಡದ್ದು 2023–24ರಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಒಂಟಿ. ಕೇರಳದ ಕ್ಷೇಮ ಪಿಂಚಣಿ ಆಗ ತಿಂಗಳಿಗೆ 1600 ರೂಪಾಯಿ. ಸಹಕಾರಿ ಸಂಘದ ಹುಡುಗ ಮನೆಗೇ ತಂದು ಕೈಯಲ್ಲಿಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆ ಮಳೆಗಾಲ ದಾಟಿದ ಮೇಲೆ ಅವನ ಬೈಕಿನ ಶಬ್ದವೇ ಇಲ್ಲ. ಒಂದು ತಿಂಗಳು, ಎರಡು, ಮೂರು. "ನನ್ನ ಹೆಸರು ತೆಗೆದರೋ ಏನೋ, ಸ್ವಲ್ಪ ವಿಚಾರಿಸಿ ಮಗ" ಎಂದು ಅಜ್ಜಿ ನನ್ನನ್ನು ಕಳಿಸಿದರು. ಹೆಸರು ತೆಗೆದಿರಲಿಲ್ಲ. ಇಡೀ ರಾಜ್ಯಕ್ಕೇ ಬಾಕಿ. ಅಂಗಡಿಯಲ್ಲಿ ಅಜ್ಜಿಯ ಸಾಲದ ಪುಸ್ತಕ ತುಂಬಿತು, ಬೀಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಂಡರು. ನಮಗೆ ಹೇಳಲೂ ಇಲ್ಲ.

ಯಾಕೆ ಬಾಕಿ ಎಂದು ಹುಡುಕುತ್ತಾ ಹೋದರೆ ದಾರಿ ದೆಹಲಿಗೆ ಮುಟ್ಟಿತು. ಪಿಂಚಣಿಗಾಗಿಯೇ ಕೇರಳ ಮಾಡಿಕೊಂಡ ಕಂಪನಿ ತೆಗೆದ ಸಾಲವನ್ನೂ, ರಸ್ತೆ, ಸೇತುವೆಯಂಥ ಕಾಮಗಾರಿಗೆ ಹಣ ಹೊಂದಿಸುವ ಅದರ ಸಂಸ್ಥೆ ಕಿಫ್ಬಿ ತೆಗೆದ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೇ ಕೇಂದ್ರ ಎಣಿಸಿತು. ಮಿತಿ ಕುಗ್ಗಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ವಿಷಯ ಸಂವಿಧಾನ ಪೀಠಕ್ಕೆ ಹೋಯಿತು. ತಪ್ಪು ಪೂರ್ತಿ ದೆಹಲಿಯದ್ದು ಎಂದು ನಾನು ಹೇಳುವುದಿಲ್ಲ. ಬಜೆಟ್ಟಿನ ಹೊರಗೆ ಸಾಲ ಮಾಡುವುದು ಒಳ್ಳೆಯ ಅಭ್ಯಾಸವಲ್ಲ, ಕೇರಳದ ಖರ್ಚಿನಲ್ಲಿ ಹಿಡಿತ ಇಲ್ಲದ್ದೂ ನಿಜ. ಆದರೆ ಪಾಲು ಇಳಿಸಿ, ಸೆಸ್ಸಿನಲ್ಲಿ ಕೈ ಬಿಟ್ಟು, 2022ರ ಜೂನ್‌ಗೆ ಜಿಎಸ್‌ಟಿ ಪರಿಹಾರವೂ ಮುಗಿದ ಮೇಲೆ, ಸಾಲದ ಬಾಗಿಲನ್ನೂ ಹಾಕಿದರೆ ಆ ರಾಜ್ಯ ಅಜ್ಜಿಯ ಮಾತ್ರೆಗೆ ದುಡ್ಡು ಎಲ್ಲಿಂದ ತರಬೇಕು?

ಅಡಿಕೆಯ ವಿಷಯವನ್ನೂ ಹೇಳಬೇಕು. ಒಣ ಅಡಿಕೆಗೆ ಶೇ. 5 ಜಿಎಸ್‌ಟಿ. ಮೊದಲು ರಾಜ್ಯದ ಗಡಿ ದಾಟಿ ಹೋಗುವ ಮಾಲಿಗೆ ಶೇ. 2 ಕೇಂದ್ರ ಮಾರಾಟ ತೆರಿಗೆ ಇತ್ತು, ಅದು ಮಾಲು ಹೊರಟ ರಾಜ್ಯಕ್ಕೆ ಉಳಿಯುತ್ತಿತ್ತು. 2017ರ ಜುಲೈ 1ರ ನಂತರ ರಾಜ್ಯದ ಪಾಲು ಮಾಲು ಖರ್ಚಾಗುವ ಕಡೆಗೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧ ಬಿಡುವುದು ನಾವು, ಜಗಿಯುವ ಊರಿಗೆ ತೆರಿಗೆ. ಆದರೆ ಇದರಲ್ಲೂ ಎರಡು ಬದಿ ಇದೆ: ಎಲ್ಲವನ್ನೂ ಹೊರಗಿನಿಂದ ತರಿಸಿಕೊಳ್ಳುವ ಕೇರಳಕ್ಕೆ ಇದೇ ನಿಯಮದಿಂದ ಅನುಕೂಲವೂ ಉಂಟು. ನಮ್ಮ ಅಂಗಳದ ಆ ಬಿಹಾರದ ಹುಡುಗ ಇಲ್ಲಿ ಮೊಬೈಲ್, ಚಪ್ಪಲಿ, ಸಾಬೂನು ತಗೊಂಡಾಗ ರಾಜ್ಯದ ಪಾಲು ಕೇರಳಕ್ಕೇ ಸಿಗುತ್ತದೆ. ಅವನ ಮಗು ಓದುವುದು ಬಿಹಾರದ ಶಾಲೆಯಲ್ಲಿ. ಅಣ್ಣನ ಮಗನ ಕಥೆಯನ್ನೇ ತಿರುಗಿಸಿ ಹಾಕಿದ ಹಾಗೆ. ಆ ಶಾಲೆಗೆ ಹೋಗುವ ಹಣದ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಬರಬಾರದು ಎನ್ನಲು ನನಗೆ ಇನ್ನೊಂದು ಕಾರಣವಿದೆ. "ಎಲ್ಲಿ ಹುಟ್ಟಿದ ತೆರಿಗೆ ಅಲ್ಲಿಗೇ" ಎಂಬ ನಿಯಮ ಬಂದರೆ ಮೊದಲು ಮುಳುಗುವುದು ಕಾಸರಗೋಡು. ಎರ್ನಾಕುಳದವರು ನಾಳೆ ಅದನ್ನೇ ಹೇಳಿದರೆ ನಮಗೆ ಏನು ಉಳಿದೀತು? ಬೆಂಗಳೂರಿನವರು ಹೇಳಿದರೆ ಯಾದಗಿರಿಗೆ, ರಾಯಚೂರಿಗೆ? 15ನೇ ಹಣಕಾಸು ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೆ ಇತ್ತು. ಶ್ರೀಮಂತ ರಾಜ್ಯದಿಂದ ಎಷ್ಟು ಹಿಂದೆ ಇದ್ದೀರೋ ಅಷ್ಟು ಹೆಚ್ಚು. ಉದ್ದೇಶ ಸರಿ. ಆದರೆ ಅದು ನೋಡುವುದು ರಾಜ್ಯದ ಸರಾಸರಿಯನ್ನು ಮಾತ್ರ. ಬೆಂಗಳೂರಿನ ಆದಾಯದ ನೆರಳಿನಲ್ಲಿ ಕಲ್ಯಾಣ ಕರ್ನಾಟಕದ ಬಡತನ ಕಾಣುವುದಿಲ್ಲ. ಕೇರಳದ ಒಳ್ಳೆಯ ಸರಾಸರಿಯ ಒಳಗೆ ಎಂಡೋಸಲ್ಫಾನ್ ಮಳೆ ಸುರಿದ ನಮ್ಮ ಎಣ್ಮಕಜೆ ಕಾಣುವುದಿಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ವಿಷ ಬಿಟ್ಟದ್ದು ಸರ್ಕಾರಿ ನಿಗಮ. ತಲಾ 5 ಲಕ್ಷ ಪರಿಹಾರ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಹಿಂದುಳಿದಿದೆ ಎಂದು ಒಪ್ಪಿ ಪ್ರಭಾಕರನ್ ಆಯೋಗದ ವರದಿ ಬಂದದ್ದು 2012ರಲ್ಲಿ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಕೊರೊನಾ ಬಂದಾಗ, 2020ರ ಮಾರ್ಚಿನಲ್ಲಿ, ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ತಲುಪಲಾಗದೆ ಜನ ಸತ್ತರು. ಏಳು ವರ್ಷದಲ್ಲಿ ಆ ಆಸ್ಪತ್ರೆ ಎದ್ದು ನಿಂತಿದ್ದರೆ ಅವರಲ್ಲಿ ಕೆಲವರಾದರೂ ಬದುಕುತ್ತಿದ್ದರು. ದೆಹಲಿಯ ಮುಂದೆ ನ್ಯಾಯ ಕೇಳಿದ ಎರಡೂ ರಾಜ್ಯಗಳು ಆ ತಿಂಗಳು ನಮಗೆ ಮಾಡಿದ್ದನ್ನು ನಾನು ಮರೆತಿಲ್ಲ.

ಹೊಗಳಬೇಕಾದ್ದನ್ನೂ ಹೇಳುತ್ತೇನೆ. ಕೇರಳದಲ್ಲಿ 1996ರ ಜನಕೀಯ ಯೋಜನೆಯ ನಂತರ ಯೋಜನಾ ಹಣದ ದೊಡ್ಡ ಪಾಲು ಸೂತ್ರದ ಪ್ರಕಾರ ಪಂಚಾಯತಿಗೆ ಬರುತ್ತದೆ. ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಕೂತು ಯಾವ ರಸ್ತೆಗೆ ಎಷ್ಟು ಎಂದು ಕೇಳಬಹುದು, ನಾನೇ ಕೇಳಿದ್ದೇನೆ. ಕರ್ನಾಟಕದಲ್ಲಿ 2021ಕ್ಕೆ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡಲಿಲ್ಲ. ದೆಹಲಿ ತನ್ನ ಪಾಲು ಕೊಡಲಿಲ್ಲ ಎಂದು ಕೂಗುವ ಬೆಂಗಳೂರು ತನ್ನ ಕೆಳಗಿನವರ ಪಾಲನ್ನು ಹೀಗೆ ಇಟ್ಟುಕೊಂಡರೆ ನನಗೆ ನೋವಾಗುತ್ತದೆ. ನನ್ನ ಭಾಷೆಯ ಸರ್ಕಾರ ಅದು.

ಕೇಂದ್ರದ್ದು ಏನೂ ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ತೆಂಗು, ಅಡಿಕೆಯ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಇದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ತಲಪಾಡಿಯಿಂದ ಆರು ಪಥದ ಹೆದ್ದಾರಿ ಆಗಿದೆ. ಆ ಹೆದ್ದಾರಿಯ ಭೂಸ್ವಾಧೀನಕ್ಕೆ ಕೇರಳ ತನ್ನ ಕೈಯಿಂದ ಶೇ. 25, ಸುಮಾರು 5,580 ಕೋಟಿ ಹಾಕಿದ್ದನ್ನೂ ಜೊತೆಗೇ ಹೇಳಬೇಕು.

ನಾನು ಕೇಳುವುದು ಇಷ್ಟು. ಸೆಸ್, ಸರ್‌ಚಾರ್ಜುಗಳಿಗೆ ಒಂದು ಮಿತಿ ಹಾಕಿ, ಮಿತಿ ದಾಟಿದ್ದು ಹಂಚುವ ರಾಶಿಗೆ ಬರಲಿ. 16ನೇ ಆಯೋಗದ ಮುಂದೆ ಕರ್ನಾಟಕ, ಕೇರಳ ಎರಡೂ ಶೇ. 50 ಪಾಲು ಕೇಳಿದವು. ರಾಶಿಯೇ ಕರಗುತ್ತಿದ್ದರೆ ಐವತ್ತಾದರೂ ಒಂದೇ, ನಲ್ವತ್ತೊಂದಾದರೂ ಒಂದೇ. ಸೂತ್ರ ರಾಜ್ಯದ ಸರಾಸರಿಗೆ ನಿಲ್ಲದೆ ಜಿಲ್ಲೆಯ ತನಕ ನೋಡಲಿ. ಬಡ ರಾಜ್ಯಗಳಿಗೆ ಹೆಚ್ಚು ಹೋಗಲಿ, ಆದರೆ ಜನಸಂಖ್ಯೆ ಇಳಿಸಿದ ರಾಜ್ಯದ ಪಾಲು ಒಂದೇ ಏಟಿಗೆ ಕುಸಿಯದಂತೆ ಒಂದು ತಳಮಟ್ಟ ಇರಲಿ.

ಅಣ್ಣನ ಮಗ ಹೊರಟಾಗ ಎರಡು ಗೋಣಿ ತೆಂಗಿನಕಾಯಿ ಕಾರಿಗೆ ಹಾಕಿದೆವು. ಸ್ಟಾರ್ಟ್ ಮಾಡಿದವನು ಗ್ಲಾಸ್ ಇಳಿಸಿ, "ಚಿಕ್ಕಪ್ಪ, ಆ ಒಂದು ರೂಪಾಯಿ ನಲ್ವತ್ತು ಪೈಸೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಬರೆದು ಹಾಕಿ, ನಮ್ಮ ಆಫೀಸಿನವರಿಗೂ ಕಳಿಸುತ್ತೇನೆ" ಎಂದ. ಅದಕ್ಕೇ ಇಷ್ಟುದ್ದ ಬರೆದದ್ದು.